ಹೊಲ ಮೇಯುವ ಬೇಲಿ: ಲಂಟಾನ ಕಳೆ ಮತ್ತು ಅದರ ಹತೋಟಿ



ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಕಾಯಬೇಕಾದವನೇ ಕದ್ದಾಗ ಈ ಮಾತು ಬಾಯಿಗೆ ಬರುವದು. ಆದರೆ ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದು ಜಾಂಬೋಟಿ, ಕಣಕುಂಬಿ, ನಾಗರಗಾಳಿ, ಲೋಂಡಾದ ಕಡೆಗೆ ಹೋದರೆ ಈ ಗಾದೆಯನ್ನು ಕಣ್ಣಾರೆ ಕಾಣಬಹುದು. ಭತ್ತದ ಗದ್ದೆಯ ಬದುವಿನ ಮೇಲೆ, ಗಾಯರಾಣದ ಅಂಚಿನಲ್ಲಿ, ಅಡವಿಗೆ ಹೋಗುವ ದನದ ಹಾದಿಯ ಎರಡೂ ಬದಿಗೆ ಒಂದು ಪೊದೆ ನಿಂತಿರುತ್ತದೆ. ಕೆಂಪು, ಹಳದಿ, ಕಿತ್ತಳೆ ಬಣ್ಣದ ಸಣ್ಣ ಸಣ್ಣ ಹೂವಿನ ಗೊಂಚಲು, ಒರಟು ಎಲೆ, ನಾಲ್ಕು ಮೂಲೆಯ ಕಾಂಡ, ಅದರ ಮೇಲೆ ಸಣ್ಣ ಕೊಕ್ಕೆ ಮುಳ್ಳು, ಎಲೆ ತಿಕ್ಕಿದರೆ ಮೂಗಿಗೆ ಹೊಡೆಯುವ ವಾಸನೆ. ಇದರ ಹೆಸರು ಲಂಟಾನ. ಕನ್ನಡದಲ್ಲಿ ಇದಕ್ಕೆ ಚದುರಂಗಿ ಎಂದೂ ಕೆಲವರು ಅನ್ನುವರು. ಮರಾಠಿ ಆಡುವವರು ಘಾಣೇರಿ ಅಥವಾ ಟಣಟಣಿ ಅನ್ನುವರು. ಘಾಣೇರಿ ಎಂದರೆ ನಾರುವ ಗಿಡ ಎಂದೇ ಅರ್ಥ. ಇಂದು ಈ ಗಿಡದ ಬಗೆಗೆ ನಾಲ್ಕು ಮಾತು ಹೇಳಬೇಕಾಗಿದೆ.

ನಿಮ್ಮಲ್ಲಿ ಕೆಲವರು ಅನ್ನಬಹುದು: "ಅಲ್ರೀ, ಅದು ಪುಕ್ಕಟೆ ಬೇಲಿ ಐತಿ. ದನ ಒಳಗ ಬರಾಂಗಿಲ್ಲ, ತಂತಿಗೆ ರೊಕ್ಕ ಹಾಕೂದು ಬ್ಯಾಡ. ಅದನ್ಯಾಕ ಕೀಳಬೇಕು?" ಕೇಳುವ ಮಾತು ಸರಿಯಾಗಿದೆ. ಆದುದರಿಂದ ಮೊದಲು ಈ ಪುಕ್ಕಟೆ ಬೇಲಿಯ ಲೆಕ್ಕವನ್ನೇ ಮಾಡೋಣ.

ಒಂದು ಎಕರೆಯ ಚೌಕು ಹೊಲವೆಂದು ಹಿಡಿಯಿರಿ. ಒಂದೊಂದು ಬದಿ ಹೆಚ್ಚು ಕಡಿಮೆ 209 ಅಡಿ ಆಗುವದು. ಸುತ್ತಲೂ ಲಂಟಾನ ಇದೆ. ಅದು ನೆಟ್ಟಲ್ಲಿಯೇ ನಿಲ್ಲುವ ಜಾತಿಯಲ್ಲ. ಟೊಂಗೆ ಬಾಗಿ ನೆಲ ಮುಟ್ಟಿದಲ್ಲಿ ಬೇರು ಬಿಡುವದು, ಬುಡದಿಂದ ಹೊಸ ಚಿಗುರು ಹಾಕುವದು. ಹೀಗೆ ಅದು ನಾಲ್ಕೂ ಕಡೆಯಿಂದ ಕೇವಲ ಆರು ಅಡಿ ಒಳಗೆ ಬಂದರೆ ನಾಲ್ಕೂವರೆ ಗುಂಟೆಯಷ್ಟು ಭೂಮಿ ಅದರ ಪಾಲು. ನಲವತ್ತು ಗುಂಟೆಯಲ್ಲಿ ನಾಲ್ಕೂವರೆ ಗುಂಟೆ! ಒಂಬತ್ತು ಚೀಲ ಭತ್ತ ಬೆಳೆಯುವಲ್ಲಿ ಒಂದು ಚೀಲ ಬೇಲಿಗೆ ಹೋಯಿತು. ಅದೂ ಒಂದು ವರ್ಷವಲ್ಲ, ಪ್ರತಿ ವರ್ಷ. ಇಷ್ಟು ಗೇಣಿ ಕೇಳುವ ಬೇಲಿಗೆ ಪುಕ್ಕಟೆ ಅನ್ನಬಹುದೇ?

ಈ ಗಿಡ ನಮ್ಮ ನಾಡಿನದಲ್ಲ. ಇದರ ತವರು ಅಮೇರಿಕ ಖಂಡದ ಉಷ್ಣ ಪ್ರದೇಶ. ಹೂವಿನ ಚೆಲುವಿಗೆ ಮಾರುಹೋಗಿ ಯುರೋಪಿನವರು ಅದನ್ನು ತಮ್ಮ ತೋಟಗಳಿಗೆ ಒಯ್ದರು. ಒಂದರೊಡನೆ ಒಂದನ್ನು ಕೂಡಿಸಿ ಬಗೆಬಗೆಯ ಬಣ್ಣದ ತಳಿ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರ ಕಾಲಕ್ಕೆ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಅಲ್ಲಿಂದ ಬಂಗಲೆಗಳ ಅಂಗಳಕ್ಕೆ, ಅಂಗಳದಿಂದ ಬೇಲಿಗೆ, ಬೇಲಿಯಿಂದ ಅಡವಿಗೆ ಹೊರಟಿತು. ಇಂದು ನಮ್ಮ ದೇಶದ ಹುಲಿ ಇರುವ ಅಡವಿಗಳಲ್ಲಿಯೇ ಸುಮಾರು 1,54,000 ಚದರ ಕಿಲೋಮೀಟರ್ ಪ್ರದೇಶಕ್ಕೆ ಅದು ಹಬ್ಬಿದೆ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಿಳಿಸಿದೆ. ಅಂದರೆ ಆ ಅಡವಿಗಳ ನೂರರಲ್ಲಿ ನಲವತ್ತು ಪಾಲಿಗಿಂತ ಹೆಚ್ಚು.

ಅದನ್ನು ಹೊತ್ತು ತಿರುಗಿದವರು ಯಾರು? ಹಕ್ಕಿಗಳು. ಲಂಟಾನದ ಹಸಿರು ಕಾಯಿ ಮಾಗಿ ಕಪ್ಪಾಗುವದು. ಪಿಕಳಾರ, ಗೊರವಂಕ ಮುಂತಾದ ಹಕ್ಕಿಗಳಿಗೆ ಅದು ಬಲು ರುಚಿ. ಹಣ್ಣು ತಿಂದ ಹಕ್ಕಿ ಹೋಗಿ ಮರದ ಟೊಂಗೆಯ ಮೇಲೆ ಕೂತು ಹಿಕ್ಕೆ ಹಾಕಿದರೆ ಮರದ ಬುಡದಲ್ಲಿ ಬೀಜ ಬಿತ್ತು ಎಂದೇ ತಿಳಿಯಿರಿ. ಒಂದು ದೊಡ್ಡ ಗಿಡ ವರ್ಷಕ್ಕೆ ಹನ್ನೆರಡು ಸಾವಿರದವರೆಗೂ ಹಣ್ಣು ಬಿಡಬಲ್ಲದು. ನೀವು ನಿಮ್ಮ ಬದುವಿನ ಮೇಲೆ ಒಂದು ಗಿಡ ಉಳಿಸಿದರೆ ಇಡೀ ಊರಿನ ಗಾಯರಾಣಕ್ಕೆ ಬೀಜ ಹಂಚಿದಂತೆಯೇ ಸರಿ.

ಬೇರೆ ದೇಶದ ಒಂದು ಉದಾಹರಣೆ ಕೇಳಿರಿ. ಯುರೋಪಿನಲ್ಲಿ ಬ್ಲ್ಯಾಕ್‌ಬೆರಿ ಎಂಬ ಒಂದು ಮುಳ್ಳಿನ ಪೊದೆ ಇದೆ. ಕಪ್ಪು ಹಣ್ಣು, ತಿನ್ನಲು ಸಿಹಿ. ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದ ಜನ ಹಣ್ಣಿಗೆಂದೂ ಬೇಲಿಗೆಂದೂ ಅದನ್ನು ಒಯ್ದು ನೆಟ್ಟರು. ಹಕ್ಕಿ, ನರಿಗಳು ಅದರ ಬೀಜ ಹರಡಿದವು. ಹಳ್ಳದ ದಂಡೆ, ಕುರಿಯ ಹುಲ್ಲುಗಾವಲು, ಅಡವಿ ಎಲ್ಲವನ್ನೂ ಅದು ಕವಿದುಕೊಂಡಿತು. ಇಂದು ಆ ದೇಶದಲ್ಲಿ ರಾಷ್ಟ್ರಕ್ಕೇ ಕಂಟಕವಾದ ಕಳೆಗಳ ಯಾದಿಯೊಂದಿದೆ. ಅದರಲ್ಲಿ ಬ್ಲ್ಯಾಕ್‌ಬೆರಿಯೂ ಇದೆ, ನಮ್ಮ ಲಂಟಾನವೂ ಇದೆ. ಇದೇ ಬ್ಲ್ಯಾಕ್‌ಬೆರಿಯ ಒಂದು ಜ್ಞಾತಿ ನಮ್ಮ ಭಾರತದ ಗುಡ್ಡಗಳಲ್ಲಿ ಹುಟ್ಟಿ ಯಾರಿಗೂ ತೊಂದರೆ ಕೊಡದೆ ಬೆಳೆಯುತ್ತದೆ. ಅದೇ ಗಿಡ ದೂರದ ಗಲಪಗೋಸ್ ದ್ವೀಪಗಳಿಗೆ ಹೋಗಿ ಅಲ್ಲಿಯ ಅಡವಿಗೆ ಶನಿಯಾಗಿದೆ. ತವರಿನಲ್ಲಿ ಅದನ್ನು ತಿನ್ನುವ ಹುಳವಿದೆ, ಕಾಡುವ ರೋಗವಿದೆ, ಸರಿಸಮನಾಗಿ ಪೈಪೋಟಿ ಮಾಡುವ ಗಿಡಗಳಿವೆ. ಹೊರನಾಡಿನಲ್ಲಿ ಇವು ಯಾವವೂ ಇಲ್ಲ. ಲಂಟಾನಕ್ಕೂ ನಮ್ಮಲ್ಲಿ ಆದದ್ದು ಇದೇ.

ಇನ್ನು ಖಾನಾಪುರದ ಮಾತಿಗೆ ಬರೋಣ. ಬೇಸಿಗೆ ಬಂದಿತೆಂದರೆ ಖಾನಾಪುರದ ಅಡವಿಯ ಕವಳಿ ಹಣ್ಣು ಬೆಳಗಾವಿಯ ಪೇಟೆಗೆ ಬರುವದು ನಿಮಗೆಲ್ಲ ಗೊತ್ತು. ಬುಟ್ಟಿಯಲ್ಲಿ ಎಲೆ ಹಾಸಿ, ಕಪ್ಪಗೆ ಮಿರುಗುವ ಹಣ್ಣನ್ನು ಹೊತ್ತು ನಮ್ಮ ತಾಯಂದಿರು ಮಾರಲಿಕ್ಕೆ ಬರುವರು. ಬಿತ್ತಿಲ್ಲ, ನೀರು ಹಾಕಿಲ್ಲ. ಅಡವಿತಾಯಿ ಕೊಟ್ಟ ಹಣ್ಣು. ಮಳೆಗಾಲದ ಖರ್ಚಿಗೆ, ಮಕ್ಕಳ ಸಾಲೆಯ ಪುಸ್ತಕಕ್ಕೆ ಅದರಿಂದ ನಾಲ್ಕು ಕಾಸು ಆಗುವದು. ಕವಳಿಯೂ ಮುಳ್ಳಿನ ಗಿಡ, ಅದಕ್ಕೂ ಕಪ್ಪು ಹಣ್ಣು. ಆದರೆ ಅದು ಈ ಮಣ್ಣಿನ ಮಗಳು. ಲಂಟಾನ ಪರದೇಶಿ. ಎರಡೂ ಬಿಸಿಲು ಬೀಳುವ ಅಡವಿಯ ಅಂಚನ್ನೇ ಬಯಸುವವು. ಒಮ್ಮೆ ಲಂಟಾನ ಮೇಲೆ ಹತ್ತಿ ಹಬ್ಬಿತೆಂದರೆ ಕೆಳಗಿನ ಕವಳಿಗೆ ಬಿಸಿಲಿಲ್ಲ, ಬಿಸಿಲಿಲ್ಲದಿದ್ದರೆ ಹಣ್ಣಿಲ್ಲ. ಕವಳಿ, ನೇರಳೆ, ಮತ್ತಿಯ ಸಣ್ಣ ಸಸಿಗಳು ಅದರ ನೆರಳಿನಲ್ಲಿ ಮೇಲೇಳುವದು ಕಷ್ಟ. ಮುದಿಮರ ಬಿದ್ದ ಮೇಲೆ ಆ ಜಾಗಕ್ಕೆ ಮರಿಮರ ಬರುವದಿಲ್ಲ.

ಹುಲ್ಲಿಗೂ ಇದೇ ಗತಿ. ಲಂಟಾನದ ಪೊದೆಯ ಕೆಳಗೆ ಕರಡ ಹುಲ್ಲು ಹುಟ್ಟುವದಿಲ್ಲ. ಗಾಯರಾಣ ಕಾಗದದ ಮೇಲೆ ಎಷ್ಟು ಎಕರೆಯೇ ಇರಲಿ, ದನದ ಬಾಯಿಗೆ ಸಿಗುವದು ಪೊದೆಗಳ ನಡುವಿನ ಸಂದುಗೊಂದು ಮಾತ್ರ. ಅಲ್ಲದೆ ಈ ದಟ್ಟ ಪೊದೆ ಕಾಡುಹಂದಿಗೆ ಒಳ್ಳೆಯ ಅಡಗುದಾಣ. ಹಗಲು ಅಲ್ಲಿ ಮಲಗುವದು, ರಾತ್ರಿ ನಿಮ್ಮ ಗದ್ದೆ, ಕಬ್ಬಿಗೆ ಇಳಿಯುವದು. ಖಾನಾಪುರದ ಅಡವಿಯಲ್ಲಿ ಕರಡಿಯೂ ಇದೆ. ಕಟ್ಟಿಗೆಗೆ ಹೋದವರಿಗೆ, ದನ ಕಾಯುವವರಿಗೆ ಪೊದೆಯ ಆಚೆಗೆ ಏನಿದೆ ಎಂಬುದು ಕಾಣದಿದ್ದರೆ ಜೀವಕ್ಕೆ ಅಪಾಯ. ಬೇಸಿಗೆಯಲ್ಲಿ ಒಣಗಿದ ಲಂಟಾನಕ್ಕೆ ಕಿಡಿ ತಾಗಿದರೆ ನೆಲದ ಬೆಂಕಿ ಮರದ ಟೊಂಗೆಗೆ ಏರುವದು.

ಎಲ್ಲಕ್ಕಿಂತ ಮುಖ್ಯವಾದ ಮಾತು ದನಕರುಗಳದು. ಲಂಟಾನದ ಎಲೆ ವಿಷ. ಅದರಲ್ಲಿಯ ವಿಷ ನೇರವಾಗಿ ಪಿತ್ತಜನಕಾಂಗವನ್ನು ಕೆಡಿಸುವದು. ಬಲ್ಲ ದನ ಸಾಮಾನ್ಯವಾಗಿ ಅದನ್ನು ಮುಟ್ಟುವದಿಲ್ಲ. ಆದರೆ ಬೇಸಿಗೆಯಲ್ಲಿ ಹುಲ್ಲು ತೀರಿ ಹಸಿವೆಯಾದಾಗ ತಿನ್ನಬಹುದು. ಬಯಲುಸೀಮೆಯ ಸಂತೆಯಿಂದ ಹೊಸದಾಗಿ ತಂದ ಎತ್ತು, ಆಕಳು ಈ ಗಿಡದ ಗುರುತಿಲ್ಲದೆ ತಿನ್ನಬಹುದು. ಹಸಿ ಮೇವಿನೊಡನೆ ಕೊಯ್ದು ಬಂದರೂ ಹೊಟ್ಟೆಗೆ ಹೋಗಬಹುದು. ಲಕ್ಷಣಗಳನ್ನು ನೆನಪಿಟ್ಟುಕೊಳ್ಳಿರಿ. ದನ ಮೇವು ಬಿಡುವದು, ಮೆಲುಕು ನಿಲ್ಲುವದು, ಸಗಣಿ ಗಟ್ಟಿಯಾಗಿ ನಿಂತುಬಿಡುವದು. ಕಣ್ಣಿನ ಒಳಪೊರೆ, ವಸಡು ಹಳದಿಯಾಗುವವು, ಅಂದರೆ ಕಾಮಾಲೆ. ಬಿಸಿಲಿಗೆ ನಿಲ್ಲಲಾರದೆ ನೆರಳು ಹುಡುಕುವದು. ಮೂತಿಯ ಮೇಲೆ, ಬಿಳಿ ಚರ್ಮವಿದ್ದಲ್ಲಿ ಕೆಂಪೇರಿ ಬಿರಿದು ಸಿಪ್ಪೆ ಏಳುವದು.

ಇಂಥ ಲಕ್ಷಣ ಕಂಡರೆ ತಡಮಾಡಬೇಡಿರಿ. ದನವನ್ನು ಕೊಟ್ಟಿಗೆಯ ನೆರಳಿನಲ್ಲಿ ಕಟ್ಟಿರಿ, ಬಿಸಿಲಿಗೆ ಬಿಡಬೇಡಿರಿ. ಕುಡಿಯಲು ನೀರು ಇಡಿರಿ. ಆ ದಿನವೇ ಪಶುವೈದ್ಯರನ್ನು ಕರೆಯಿರಿ. ಹೊಟ್ಟೆಯಲ್ಲಿ ಉಳಿದ ಎಲೆಯಿಂದ ವಿಷ ಏರುತ್ತಲೇ ಇರುವದರಿಂದ ಅವರು ಅದನ್ನು ಹೀರಿಕೊಳ್ಳುವ ಇದ್ದಿಲಿನ ಔಷಧವನ್ನೂ ಸಲೈನನ್ನೂ ಕೊಡುವರು. ಬೇಗ ಕೊಟ್ಟಷ್ಟು ಗುಣ ಹೆಚ್ಚು. "ನಾಳೆ ನೋಡೂಣು" ಅಂದರೆ ಎತ್ತು ಕೈಬಿಡಬಹುದು. ಹಾಗೆಯೇ, ಸಣ್ಣ ಮಕ್ಕಳು ಲಂಟಾನದ ಹಸಿರು ಕಾಯಿ ಬಾಯಿಗೆ ಹಾಕಿಕೊಳ್ಳದಂತೆ ತಾಯಂದಿರು ಎಚ್ಚರ ವಹಿಸಬೇಕು.

ಹಾಗಾದರೆ ಇದನ್ನು ನಾಶಮಾಡುವದು ಹೇಗೆ? ಹಿಂದಿನವರು ಸುಮ್ಮನೆ ಕೂತಿಲ್ಲ. 1921ರಲ್ಲಿ ಹವಾಯಿ ದ್ವೀಪದಿಂದ ಲಂಟಾನದ ಬೀಜ ತಿನ್ನುವ ಒಂದು ನೊಣವನ್ನು ನಮ್ಮ ದೇಶಕ್ಕೆ ತಂದರು. 1941ರಲ್ಲಿ ಆಸ್ಟ್ರೇಲಿಯದಿಂದ ಎಲೆಯ ರಸ ಹೀರುವ ಒಂದು ತಿಗಣೆಯನ್ನು ತರಿಸಿದರು; ಆದರೆ ಅದು ಸಾಗವಾನಿ ಮರದ ಹೂವಿಗೂ ಬಿದ್ದೀತೆಂಬ ಭಯದಿಂದ ಹೊರಗೆ ಬಿಡಲು ಹಿಂಜರಿದರು. ಆದರೂ ಅದು ಹೇಗೋ ಹೊರಬಿದ್ದು ಹರಡಿತು. ಈ ಹುಳಗಳು ಅಷ್ಟಿಷ್ಟು ಎಲೆ, ಬೀಜ ತಿಂದವೇ ಹೊರತು ಲಂಟಾನವನ್ನು ಅಡಗಿಸಲಿಲ್ಲ. ಆದುದರಿಂದ ಈ ಕೆಲಸ ಕೊನೆಗೆ ನಮ್ಮ ಗುದ್ದಲಿಗೇ ಬರುವದು.

ನಮ್ಮಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಮಾಡುವದುಂಟು. ಒಂದು, ಕೊಡಲಿ ಕೊಯ್ತಾದಿಂದ ಮೇಲೆ ಮೇಲೆ ಕಡಿಯುವದು. ಎರಡು, ಬೆಂಕಿ ಹಚ್ಚುವದು. ಎರಡೂ ಉಪಯೋಗವಿಲ್ಲ. ಕಡಿದರೆ ಬುಡದ ಗಂಟಿನಿಂದ ಒಂದಿದ್ದಲ್ಲಿ ಹತ್ತು ಚಿಗುರು ಏಳುವವು. ಸುಟ್ಟರೂ ಅಷ್ಟೇ, ಮೇಲೆ ಬೂದಿಯಾದರೂ ಒಂದು ಮಳೆಗೆ ಮತ್ತೆ ಹಸಿರು. ನಡುವೆ ಸತ್ತುಹೋಗುವವು ಕವಳಿ, ಮತ್ತಿಯ ಸಸಿಗಳು. ಅಂದರೆ ಬೆಂಕಿ ಹಚ್ಚಿ ನಾವು ಲಂಟಾನಕ್ಕೆ ಮೈದಾನ ಮಾಡಿಕೊಟ್ಟಂತಾಯಿತು.

ದಿಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಅವರೂ ಅವರ ಜೊತೆಗಾರರೂ ಉತ್ತರದ ಕಾರ್ಬೆಟ್ ಅಡವಿಯಲ್ಲಿ ಕೆಲಸ ಮಾಡಿ ಒಂದು ಸುಲಭ ರೀತಿಯನ್ನು ಕಂಡುಹಿಡಿದಿದ್ದಾರೆ. ಲಂಟಾನ ಚಿಗುರುವದು ಬೇರಿನ ತುದಿಯಿಂದಲ್ಲ, ನೆಲದ ಮಟ್ಟದಲ್ಲಿರುವ ಬುಡದ ಗಂಟಿನಿಂದ. ಆದುದರಿಂದ ಇಡೀ ಬೇರು ಅಗೆಯುವದು ಬೇಕಿಲ್ಲ. ಪೊದೆಯ ಬುಡದ ಮಣ್ಣು ಸರಿಸಿರಿ. ನೆಲದಿಂದ ಎರಡು ಮೂರು ಬೆರಳು ಕೆಳಗೆ ತಾಯಿಬೇರಿಗೆ ಗುದ್ದಲಿಯ ಪೆಟ್ಟು ಬೀಳಲಿ. ಗಂಟು ಬೇರಿನಿಂದ ಕತ್ತರಿಸಿ ಮೇಲೆ ಬರಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ, ಗಂಟು ಆಕಾಶ ನೋಡುವಂತೆ ಇಡಿರಿ. ಗಂಟು ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುವದು. ಬಿಸಿಲಿಗೆ ಬಿದ್ದರೆ ಒಣಗುವದು. ಇಷ್ಟೇ ಗುಟ್ಟು. ಬಗ್ಗಿದ ಟೊಂಗೆ ನೆಲದಲ್ಲಿ ಬೇರು ಬಿಟ್ಟಿದ್ದರೆ ಅದನ್ನೂ ಹೀಗೆಯೇ ಕಿತ್ತು ಹಾಕಿರಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡರೆ ಮುಳ್ಳಿನ ಗೀರು ತಪ್ಪುವದು. ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿದು ಹಾವು, ಕಡಜದ ಗೂಡು ಇವೆಯೇ ಎಂದು ನೋಡಿರಿ.

ಯಾವಾಗ ಮಾಡಬೇಕು? ಎರಡು ಅಡ್ಡಮಳೆ ಬಿದ್ದು ನೆಲ ಮೆತ್ತಗಾದ ಮೇಲೆ, ಮೃಗಶಿರಾ ಮಳೆ ಕೂಡುವ ಮೊದಲು. ಆಗ ಗುದ್ದಲಿ ಇಳಿಯುವದು, ಗಿಡದಲ್ಲಿ ಹಣ್ಣಿನ ಭಾರ ಕಡಿಮೆ. ಹಣ್ಣು ತುಂಬಿದಾಗ ಕಿತ್ತರೆ ನೀವೇ ಬೀಜ ಉದುರಿಸಿದಂತೆ. ಇಳುಕಲು ಜಮೀನಿದ್ದರೆ ಒಮ್ಮೆಲೆ ಎಲ್ಲ ಬೋಳು ಮಾಡಬೇಡಿರಿ. ನಮ್ಮದು ಜಡಿಮಳೆಯ ಸೀಮೆ. ಮಣ್ಣು ಕೊಚ್ಚಿ ಹೋದೀತು. ಇಳುಕಲಿಗೆ ಅಡ್ಡವಾಗಿ ಪಟ್ಟಿ ಪಟ್ಟಿಯಾಗಿ, ಒಂದು ವರ್ಷ ಒಂದು ಪಟ್ಟಿ, ಮರುವರ್ಷ ಇನ್ನೊಂದು, ಹೀಗೆ ತೆಗೆಯಿರಿ. ಹಳ್ಳದ ದಂಡೆಯಲ್ಲಿ ಕಳೆನಾಶಕದ ಔಷಧ ಸಿಂಪಡಿಸುವದು ಬೇಡ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನಮ್ಮ ತಾಲೂಕಿನ ಅನೇಕ ಹಳ್ಳಗಳ ನೀರನ್ನು ಕೂಡಿಸಿಕೊಂಡು ಸವದತ್ತಿಯ ನವಿಲುತೀರ್ಥಕ್ಕೆ ಹೋಗುವಳು. ಕೆಳಗಿನ ಊರುಗಳು ಕುಡಿಯುವದು ಅದೇ ನೀರು.

ಕಿತ್ತ ಮೇಲೆ ಕೆಲಸ ಮುಗಿಯಿತು ಎಂದು ತಿಳಿಯಬೇಡಿರಿ. ಮಣ್ಣಿನಲ್ಲಿ ಹಳೆಯ ಬೀಜ ಹಲವು ವರ್ಷ ಕಾದು ಕೂತಿರುವದು. ಶ್ರಾವಣದಲ್ಲಿ ಸಣ್ಣ ಸಸಿಗಳು ಏಳುವವು. ಹಸಿನೆಲದಲ್ಲಿ ಅವನ್ನು ಕೈಯಿಂದಲೇ ಕೀಳಬಹುದು. ಮಕ್ಕಳೂ ಮಾಡಬಹುದಾದ ಕೆಲಸ. ದೀಪಾವಳಿಯ ಹೊತ್ತಿಗೆ ಇನ್ನೊಂದು ಸುತ್ತು. ಹಕ್ಕಿ ಕೂಡುವ ಮರಗಳ ಬುಡವನ್ನು ತಪ್ಪದೆ ನೋಡಿರಿ. ಹೀಗೆ ಕನಿಷ್ಠ ಮೂರು ವರ್ಷ ಬೆನ್ನು ಹತ್ತಬೇಕು. ಮೊದಲನೆಯ ವರ್ಷ ಹತ್ತು ಆಳಿನ ಕೆಲಸವಾದರೆ ಮೂರನೆಯ ವರ್ಷಕ್ಕೆ ಅದು ಮನೆಯವರು ಬೆಳಗಿನ ಹೊತ್ತು ಮುಗಿಸುವ ಕೆಲಸವಾದೀತು. ಎರಡನೆಯ ವರ್ಷ ಬೇಸತ್ತು ಬಿಟ್ಟರೆ ಮೊದಲನೆಯ ವರ್ಷದ ಕೂಲಿ ನೀರಿನಲ್ಲಿ ಹಾಕಿದಂತೆ.

ಜಾಗವನ್ನು ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಲಂಟಾನ ಮರಳುವದು. ಇಲ್ಲವೆ ಅದರ ಬದಲು ಕಮ್ಯುನಿಸ್ಟ್ ಗಿಡ ಬಂದು ಕೂಡುವದು. ದಟ್ಟ ನೆರಳಿನಲ್ಲಿ ಲಂಟಾನ ಏಳಲಾರದು. ಆದುದರಿಂದ ಗಾಯರಾಣದಲ್ಲಿ ಊರಿನ ಕರಡ ಹುಲ್ಲಿನ ಬೀಜ ಚೆಲ್ಲಿರಿ, ಮತ್ತು ನೇರಳೆ, ಹಲಸು, ಮತ್ತಿ, ಹೊಂಗೆಯ ಸಸಿ ನೆಡಿರಿ. ಬದುವಿಗೆ ಬೇಲಿ ಬೇಕೇ ಬೇಕಲ್ಲ, ಅದಕ್ಕೆ ಕವಳಿಯನ್ನೇ ಹಚ್ಚಿರಿ. ಮೇ, ಜೂನಿನಲ್ಲಿ ಮಾಗಿದ ಹಣ್ಣಿನ ಬೀಜ ತೊಳೆದು, ನೆರಳಿನಲ್ಲಿ ಆರಿಸಿ, ತಡಮಾಡದೆ ಚೀಲದ ಮಣ್ಣಿನಲ್ಲಿ ಊರಿರಿ. ಕವಳಿಯ ಬೀಜ ಇಟ್ಟರೆ ಕೆಡುವದು. ಮರುವರ್ಷದ ಮುಂಗಾರಿಗೆ ಮೂರು ಮೂರು ಅಡಿಗೆ ಒಂದರಂತೆ ನೆಡಿರಿ. ಮೂರು ನಾಲ್ಕು ವರ್ಷಕ್ಕೆ ದನ ನುಗ್ಗದ ಬೇಲಿಯಾಗುವದು, ಮೇಲೆ ಹಣ್ಣೂ ಬರುವದು. ನಡುನಡುವೆ ಲಕ್ಕಿ, ಗ್ಲಿರಿಸಿಡಿಯಾದ ಕಡ್ಡಿ ಊರಿದರೆ ಗದ್ದೆಗೆ ಸೊಪ್ಪಿನ ಗೊಬ್ಬರವಾಯಿತು. ಅಲ್ಲಿಯವರೆಗೆ ಬೇಲಿ? ಕಿತ್ತು ಒಣಗಿಸಿ, ಎಲೆ ಹಣ್ಣು ಪೂರ್ತಿ ಉದುರಿದ ಲಂಟಾನದ ಜಿಗ್ಗನ್ನೇ ಒತ್ತಿ ಕಟ್ಟಿರಿ. ಒಂದೆರಡು ವರ್ಷ ತಡೆಯುವದು. ಉಳಿದದ್ದು ಒಲೆಗೆ.

ಆ ಕಡ್ಡಿಗೆ ಇನ್ನೂ ಒಂದು ಉಪಯೋಗವಿದೆ. ನಮ್ಮ ರಾಜ್ಯದ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಜನ ಲಂಟಾನದ ಕಡ್ಡಿಯನ್ನು ಕುದಿಸಿ, ಸಿಪ್ಪೆ ಸುಲಿದು, ಬಾಗಿಸಿ ಕುರ್ಚಿ, ಬುಟ್ಟಿ ಮಾಡುವರು. ಬೆಂಗಳೂರಿನ ಎಟ್ರೀ ಸಂಸ್ಥೆ ಇದನ್ನು ಅವರಿಗೆ ಕಲಿಸಿತು. 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಜವಾದ ಆನೆಯಷ್ಟೇ ದೊಡ್ಡದಾದ ಲಂಟಾನದ ಆನೆಗಳನ್ನು ನಿಲ್ಲಿಸಿದ್ದರು. ಬುಟ್ಟಿ ಹೆಣೆಯುವ ಕೈಗಳು ನಮ್ಮ ತಾಲೂಕಿನಲ್ಲಿಯೂ ಇವೆ. ಆದರೆ ಒಂದು ಮಾತು: ಮಾರಲಿಕ್ಕೆ ಬೇಕೆಂದು ಲಂಟಾನವನ್ನು ಬೆಳೆಸಬಾರದು. ಇದ್ದದ್ದನ್ನು ಬೇರುಸಹಿತ ತೆಗೆದು ಬಳಸಬೇಕು.

ಒಬ್ಬರೇ ಮಾಡಿದರೆ ಇದು ಸಾಗದು. ನಿಮ್ಮ ಬದು ಹಸನಾಗಿ ನೆರೆಯವರ ಬದುವಿನಲ್ಲಿ ಹಣ್ಣು ತೂಗಿದರೆ ಹಕ್ಕಿಗೆ ಸರ್ವೆ ನಂಬರಿನ ಗಡಿ ತಿಳಿಯದು. ಗಾಯರಾಣದ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿರಿ. ಓಣಿಗೊಂದು ಭಾಗ ಹಂಚಿಕೊಂಡು ದಿನ ಗೊತ್ತು ಮಾಡಿರಿ. ಕಾಯ್ದಿಟ್ಟ ಅಡವಿಯಲ್ಲಿ, 2011ರಲ್ಲಿ ಅಭಯಾರಣ್ಯವೆಂದು ಸಾರಿದ ಭೀಮಗಡದಲ್ಲಿ ಮಾತ್ರ ಕೇಳದೆ ಗುದ್ದಲಿ ಹಾಕಬೇಡಿರಿ. ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು ಅವರೊಡನೆಯೇ ಮಾಡಿರಿ. ಬೆಳಗಾವಿ ಪಟ್ಟಣದಲ್ಲಿರುವ ನಿಮ್ಮ ಬಂಧುಗಳಿಗೂ ಒಂದು ಮಾತು ತಿಳಿಸಿರಿ. ಅಂಗಳದ ಅಂದಕ್ಕೆಂದು ನರ್ಸರಿಯಿಂದ ಬಣ್ಣದ ಲಂಟಾನ ತರುವದು ಬೇಡ. ಅಡವಿಗೆ ಈ ಪೀಡೆ ಮೊದಲು ಹೊರಟದ್ದೇ ಅಂಗಳದಿಂದ.

ಹಾಗಾದರೆ ಈ ವರ್ಷದ ಕೆಲಸ ಇಷ್ಟು. ಅಡ್ಡಮಳೆಗೆ ಒಂದು ಬದಿಯ ಬದು, ಒಂದೇ ಬದಿ ಸಾಕು, ಗಂಟುಸಹಿತ ಕಿತ್ತು ತಲೆಕೆಳಗೆ ಇಡುವದು. ಆ ಬೇಸಿಗೆಯ ಕವಳಿ ಹಣ್ಣನ್ನು ಎಲ್ಲ ಮಾರದೆ, ತಿನ್ನದೆ, ಒಂದು ಬೊಗಸೆ ಬೀಜಕ್ಕೆ ತೆಗೆದಿಡುವದು. ಶ್ರಾವಣಕ್ಕೆ ಒಮ್ಮೆ, ದೀಪಾವಳಿಗೆ ಒಮ್ಮೆ ಸಸಿ ಕೀಳುವದು. ಹೊಸ ದನ ತಂದರೆ ಹದಿನೈದು ದಿನ ಕಣ್ಣಿಟ್ಟು ಮೇಯಿಸುವದು. ಸಂಶಯ ಬಂದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ.